ಸೊನ್ನೆಯಲ್ಲಿ ನಿಂತ ಮನೆ

"ಅಂಕಲ್, ಇಲ್ಲೇ ನಿಂತಿರಿ. ಯಾರು ಬಂದ್ರೂ ಬಿಡ್ಬೇಡಿ."

ಇನ್ಸ್‌ಪೆಕ್ಟರ್ ಬಾತ್‌ರೂಮಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಮಂತ್ರಿಗಳಿಗೆ, ಬ್ಯಾಂಕುಗಳಿಗೆ, ಒಮ್ಮೆ ಒಂದು ಸರ್ಕಸ್ಸಿನ ಹುಲಿಗೂ ಕಾವಲು ನಿಂತವನು ಅವನು. ಏಳು ವರ್ಷದ ಹುಡುಗಿಯೊಬ್ಬಳು ಮೂತ್ರ ಮಾಡಿ ಬರುವ ತನಕ ಕಾವಲು ನಿಂತದ್ದು ಇದೇ ಮೊದಲು.

"ಬಾಗಿಲು ಹಾಕ್ಕೊಂಡ್ರೆ ಆಯ್ತಲ್ಲಮ್ಮ ಗುಬ್ಬಿ?"

"ಹಾಕಕ್ಕೆ ಆಗಲ್ಲ. ಕೆಳಗಡೆ ಕಚ್ಕೊಳ್ಳುತ್ತೆ."

ಅವನು ತಿರುಗಿ ಬಾಗಿಲನ್ನು ನೋಡಿದ. ಕೆಳಗಿನ ಮೂಲೆ ನೆಲಕ್ಕೆ ಉಜ್ಜುತ್ತಿತ್ತು. ಈ ಒಳಾಂಗಣ ಕ್ರೀಡಾಂಗಣ ಕಟ್ಟಿ ಹೆಚ್ಚು ಕಾಲವಾಗಿರಲಿಲ್ಲ. ಕಂಟ್ರಾಕ್ಟರು ಹಸಿ ಮರ ಹಾಕಿ ಕೈತೊಳೆದುಕೊಂಡಿರಬೇಕು ಎಂದುಕೊಂಡ.

"ನೋಡು, ಹೀಗೆ ಭುಜ ಕೊಟ್ಟು ಜೋರಾಗಿ ತಳ್ಳಬೇಕು. ಬಿತ್ತಲ್ಲ ಚಿಲಕ?"

ಗುಬ್ಬಿಗೆ ಅದು ಆಟವಾಯಿತು. ತಾನೇ ತಳ್ಳಿ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿದಳು. ಕಳೆದ ವಾರದಿಂದ ಆ ಮುಖದ ಮೇಲೆ ನಗು ಕಂಡದ್ದು ಅದೇ ಮೊದಲು. ಕಳೆದ ವಾರ ಅವರ ಮನೆಯ ಹಿಂಭಾಗದ ನೆಲ ಬಾಯಿ ಬಿಟ್ಟು ಅಡುಗೆಮನೆಯನ್ನೂ, ಹೊಲಿಗೆಯ ಕೋಣೆಯನ್ನೂ, ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅವಳ ಅಮ್ಮನನ್ನೂ ನುಂಗಿತ್ತು. ಟೈಲರಮ್ಮನ ದೇಹ ಇನ್ನೂ ಸಿಕ್ಕಿರಲಿಲ್ಲ. ಬೀದಿಗೆ ಬೀದಿಯೇ ಗಂಟುಮೂಟೆ ಕಟ್ಟಿಕೊಂಡು ಈ ಕ್ರೀಡಾಂಗಣದಲ್ಲಿ ಚಾಪೆ ಹಾಸಿಕೊಂಡಿತ್ತು.

ಹೊರಗೆ ಬಂದವಳು ತನ್ನ ಗೌನಿನ ಅಂಚನ್ನು ತಾನೇ ತುಳಿದು ಮುಗ್ಗರಿಸಿದಳು. ಇನ್ಸ್‌ಪೆಕ್ಟರ್ ಹಿಡಿದುಕೊಂಡ.

"ಇಷ್ಟು ಉದ್ದ ಯಾಕಮ್ಮ?"

"ಅಮ್ಮ ಹೊಲಿದಿದ್ದು. ಹುಟ್ಟಿದ ದಿನಕ್ಕೆ ಅಂತ ನಂಗೆ ಗೊತ್ತಾಗ್ದೇ ಇರೋ ಹಾಗೆ ಮಾಮನ ಮನೇಲಿ ಬಚ್ಚಿಟ್ಟಿದ್ಲು. ಅದಕ್ಕೇ ಇದೊಂದು ಉಳೀತು."

ಮಾಮ ಪಿನ್ನು ಹಿಡಿದುಕೊಂಡು ಬಂದ. ಟೈಲರಮ್ಮನ ತಮ್ಮ, ವಾರದಿಂದ ಗಡ್ಡ ಬೋಳಿಸಿರಲಿಲ್ಲ, ಸರಿಯಾಗಿ ಮಲಗಿರಲೂ ಇಲ್ಲ. ಮೊಣಕಾಲೂರಿ ಕೂತು ಗೌನಿನ ಅಂಚನ್ನು ಮಡಚಿ ಪಿನ್ನು ಚುಚ್ಚಿದ. ಸರಿಯಾಗಿ ಎರಡು ಬೆರಳು ಮಡಚಬೇಕಾಯಿತು.

"ನಮ್ಮಕ್ಕ ಹೊಲಿದದ್ದು ಯಾವತ್ತೂ ತಪ್ಪಿದ್ದಿಲ್ಲ ಸಾರ್. ಒಂದ್ಸಲ ನೋಡಿದ್ರೆ ಸಾಕು, ಅಳತೆ ಹೇಳ್ತಿದ್ಲು. ಇದೊಂದು ತಪ್ಪಿದೆ. ಒಳಗೊಳಗೇ ಹೆದರಿದ್ಲು ಪಾಪ, ಅದಕ್ಕೇ ಇರಬೇಕು."

"ಟೇಪ್ ಹಿಡಿದು ನೋಡಿರಲಿಲ್ವಾ?"

"ಟೇಪ್ ಹಿಡಿದ್ರೆ ಗುಟ್ಟು ರಟ್ಟಾಗಲ್ವಾ? ಅವರ ಮನೆ ಒಳಬಾಗಿಲ ಚೌಕಟ್ಟಿನ ಮೇಲೆ ಗೆರೆ ಇದೆಯಲ್ಲ. ತಿಂಗಳಿಗೊಂದ್ಸಲ ಇವಳನ್ನ ನಿಲ್ಲಿಸಿ, ತಲೆ ಮೇಲೆ ಸ್ಕೇಲ್ ಇಟ್ಟು ಪೆನ್ಸಿಲಲ್ಲಿ ಗೆರೆ ಎಳೀತಿದ್ಲು. ಹಳೇ ಗೌನಿನ ಅಳತೆಗೆ, ಒಂದು ವರ್ಷದಲ್ಲಿ ಗೆರೆ ಎಷ್ಟು ಮೇಲೆ ಹೋಗಿದೆಯೋ ಅಷ್ಟು ಸೇರಿಸಿ ಹೊಲಿದಿದ್ದಾಳೆ. ಈ ವರ್ಷ ನನ್ನ ಮಗಳು ಬಳ್ಳಿ ಬೆಳೆದ ಹಾಗೆ ಬೆಳೀತಿದ್ದಾಳೆ ಅಂತ ಒಂದೇ ಹಿಗ್ಗು." ಅವನು ಎದ್ದು ನಿಂತು ಇನ್ಸ್‌ಪೆಕ್ಟರನ್ನು ಪಕ್ಕಕ್ಕೆ ಕರೆದ. "ಅದಿರಲಿ ಸಾರ್. ಅವನನ್ನ ಯಾವಾಗ ಒಳಗೆ ಹಾಕ್ತೀರಿ?"

ಅವನು ಎಂದರೆ ಭಾವ. ಗುಬ್ಬಿಯ ಅಪ್ಪ. ಭೂಮಾಪನ ಕಚೇರಿಯಲ್ಲಿ ಉಪಗ್ರಹದ ಚಿತ್ರಗಳನ್ನು ನೋಡಿ, ಎಲ್ಲಿ ನೆಲ ಕುಸಿಯುತ್ತಿದೆ ಎಂದು ಹೇಳುವುದೇ ಅವನ ಕೆಲಸ. ಊರಿನವರು ಅವನನ್ನು ನಕ್ಷೆಯವನು ಎಂದೇ ಕರೆಯುತ್ತಿದ್ದರು. ಮನೆ ಕುಸಿದಂದಿನಿಂದ ಅವನು ಕಚೇರಿ ಬಿಟ್ಟು ಬಂದಿರಲಿಲ್ಲ.

"ನೆಲ ಉಗುರಿನಷ್ಟು ಇಳಿದ್ರೂ ಆಕಾಶದಿಂದ ಕಾಣುತ್ತೆ ಅಂತ ಜಂಭ ಕೊಚ್ಕೊಳ್ತಿದ್ದ. ಸ್ವಂತ ಮನೆ ಕಾಣ್ಲಿಲ್ವಾ ಸಾರ್ ಅವನಿಗೆ? ಆವತ್ತು ಅಕ್ಕ ನಂಗೆ ಫೋನ್ ಮಾಡಿದ್ಲು. ನೆಲದ ಕೆಳಗೆ ಯಾರೋ ಬಟ್ಟೆ ಹರೀತಿರೋ ಹಾಗೆ ಸದ್ದು ಬರ್ತಿದೆ ಕಣೋ ಅಂದ್ಲು. ಭಾವನಿಗೆ ಹೇಳಿದ್ಯಾ ಅಂದೆ. ಹೇಳಿದೆ, ಅವರು ನಕ್ಷೆ ನೋಡಿದ್ರಂತೆ, ನಮ್ಮನೆಗೆ ಏನೂ ಆಗಿಲ್ವಂತೆ, ಹೆದರ್ಕೋಬೇಡ ಅಂದ್ರು ಅಂದ್ಲು. ಒಳಗೆ ಹೋಗಿ ಕೂತ್ಲು. ಅಷ್ಟೇ. ಆ ಬೀದಿ ಗಟ್ಟಿಯಾಗಿದೆ ಅಂತ ವರದಿಗೆ ಸಹಿ ಹಾಕಿದವನು ಅವನೇ. ಮಾನ ಉಳಿಸ್ಕೊಳ್ಳೋಕೆ ಹೆಂಡತಿನ ಬಲಿ ಕೊಟ್ಟ."

"ಮಾಮ, ಅಪ್ಪಂಗೆ ಬೈಬೇಡ," ಎಂದಿತು ಹಿಂದಿನಿಂದ ಸಣ್ಣ ದನಿ. ನಂತರ ಇನ್ಸ್‌ಪೆಕ್ಟರ್ ಕಡೆ ತಿರುಗಿ, "ಅಪ್ಪ ಯಾವಾಗ ಬರ್ತಾರೆ ಅಂಕಲ್?"

ಅಪ್ಪನನ್ನು ಬಂಧಿಸುವ ಆದೇಶ ಇನ್ಸ್‌ಪೆಕ್ಟರ್ ಜೇಬಿನಲ್ಲೇ ಇತ್ತು. ಅಮ್ಮ ಹೋಗಿದ್ದಳು, ಈ ಕಾಗದ ಜೇಬಿನಿಂದ ಹೊರಗೆ ಬಂದರೆ ಅಪ್ಪನೂ ಹೋಗುತ್ತಾನೆ. ಮಕ್ಕಳಿಗೆ ಸುಳ್ಳು ಹೇಳುವುದು ಅವನಿಗೆ ಆಗಿಬರುತ್ತಿರಲಿಲ್ಲ.

"ಕೇಳ್ಕೊಂಡು ಬರ್ತೀನಿ," ಎಂದಷ್ಟೇ ಹೇಳಿ ಹೊರಟ.

*

ಠಾಣೆಯಲ್ಲಿ ಅವನಿಗೆ ಆಮೆ ಎಂಬ ಅಡ್ಡಹೆಸರಿತ್ತು. ಅದು ಅವನಿಗೆ ಗೊತ್ತಿತ್ತು, ಬೇಸರವಿರಲಿಲ್ಲ. ಎಲ್ಲರೂ ನೋಡಿ ಮುಗಿಸಿದ ಜಾಗವನ್ನು ಅವನು ಎರಡನೆಯ ಸಲ ನೋಡಲು ಹೋಗುತ್ತಿದ್ದ. ಈ ದಿನವೂ ಸೀದಾ ಕಚೇರಿಗೆ ಹೋಗಿ ಕೋಳ ತೊಡಿಸಬಹುದಿತ್ತು. ಆದರೆ ಆ ಎರಡು ಬೆರಳು ಅವನ ತಲೆಯಲ್ಲಿ ಕೂತು ಎದ್ದೇಳಲು ಒಪ್ಪಲಿಲ್ಲ.

ಹಗ್ಗ ಕಟ್ಟಿದ ಬೀದಿ ಭಣಗುಟ್ಟುತ್ತಿತ್ತು. ಯಾರದೋ ಮನೆಯ ಮುಂದೆ ಒಣಹಾಕಿದ ಬಟ್ಟೆ ಹಾಗೇ ಇತ್ತು. ಅಗ್ನಿಶಾಮಕ ದಳದವನು ಅವನ ಸೊಂಟಕ್ಕೆ ಹಗ್ಗ ಬಿಗಿದು, "ಮುಂದಿನ ಕೋಣೆ ಮಾತ್ರ ಸಾರ್. ಒಂದು ಹೆಜ್ಜೆ ಆಚೆ ಇಡ್ಬೇಡಿ. ಬಿದ್ರೆ ನಿಮ್ಮ ತೂಕಕ್ಕೆ ನಾನೂ ಜೊತೆಗೆ ಬೀಳ್ತೀನಿ," ಎಂದ.

ಮುಂದಿನ ಕೋಣೆ ಇದ್ದ ಹಾಗೇ ಇತ್ತು. ಮೊಳೆಗೆ ನೇತುಹಾಕಿದ ಶಾಲೆಯ ಚೀಲ, ಕಿಟಕಿಯ ಮೇಲೆ ಅರ್ಧ ಉಂಡೆ ದಾರ. ಒಳಗಿನ ಬಾಗಿಲ ಚೌಕಟ್ಟು ಕೂಡ ನೆಟ್ಟಗೆ ನಿಂತಿತ್ತು. ಅದರ ಆಚೆಗೆ ಮನೆಯಿರಲಿಲ್ಲ. ಬರೀ ಬೆಳಕಿತ್ತು, ಕೆಳಗೆ ಎಲ್ಲೋ ನೀರಿನ ಸದ್ದಿತ್ತು. ಅವನು ಆ ಕಡೆ ನೋಡಲಾರದೆ ಚೌಕಟ್ಟಿನತ್ತ ಮುಖ ತಿರುಗಿಸಿದ.

ಪೆನ್ಸಿಲ್ ಗೆರೆಗಳು ಕೆಳಗಿನಿಂದ ಮೇಲಕ್ಕೆ ಹತ್ತಿದ್ದವು. ಪ್ರತಿಯೊಂದರ ಪಕ್ಕ ತಿಂಗಳ ಹೆಸರು, ಅಲ್ಲಲ್ಲಿ ಒಂದು ಹೂವು. ಮೊದಲ ಗೆರೆಗಳು ಒತ್ತೊತ್ತಾಗಿದ್ದವು. ಕಳೆದ ಒಂದು ವರ್ಷದಿಂದ ಈಚಿನವು ಜಿಗಿಜಿಗಿದು ಮೇಲೆ ಹೋಗಿದ್ದವು. ತಾಯಿ ಹಿಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅಷ್ಟು ಬೆಳೆದ ಹುಡುಗಿ ಕ್ರೀಡಾಂಗಣದಲ್ಲಿ ಗೌನಿನ ಅಂಚು ತುಳಿದು ಬೀಳುತ್ತಿದ್ದಳು.

ಅವನು ಮೊಣಕಾಲು ನೋಯಿಸಿಕೊಂಡು ಕೆಳಗೆ ಕೂತ. ಗೋಡೆಯ ಬುಡಕ್ಕೆ ಕೋಣೆಯ ಸುತ್ತ ಕಂದು ಬಣ್ಣದ ಪಟ್ಟಿ ಬಳಿದಿದ್ದರು. ಬೀದಿಯ ಕಡೆಯ ಗೋಡೆಯಲ್ಲಿ ಆ ಪಟ್ಟಿ ಒಂದು ಗೇಣು ಅಗಲವಿತ್ತು. ಚೌಕಟ್ಟಿನ ಗೋಡೆಯಲ್ಲಿ ಅಷ್ಟಿರಲಿಲ್ಲ. ಅಲ್ಲಿ ನೆಲ ಗೋಡೆಯಿಂದ ಬಿರುಕು ಬಿಟ್ಟಿತ್ತು, ಪಟ್ಟಿಯ ಕೆಳಭಾಗ ಆ ಬಿರುಕಿನೊಳಗೆ ಇಳಿದಿತ್ತು. ಕೈಯಿಟ್ಟು ನೋಡಿದ. ಎರಡು ಬೆರಳು ಕಡಿಮೆ.

ನೆಲ ಹಾಗೇ ಇತ್ತು. ಗೋಡೆ ಇಳಿದಿತ್ತು, ಅದರ ಜೊತೆಗೆ ಗೆರೆಗಳೂ ಇಳಿದಿದ್ದವು. ತಾಯಿ ಪ್ರತಿ ತಿಂಗಳು ಮಗಳನ್ನು ಇಳಿಯುವ ಗೋಡೆಗೆ ಒರಗಿಸಿ, ಬೆಳೆದಳು ಬೆಳೆದಳು ಎಂದು ಖುಷಿಪಟ್ಟಿದ್ದಳು.

ಇನ್ಸ್‌ಪೆಕ್ಟರಿಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. ಒಂದು ವರ್ಷ ಇಳಿದ ಗೋಡೆ. ಉಗುರಿನಷ್ಟು ಇಳಿದರೂ ಕಾಣುತ್ತದೆ ಎಂದವನಿಗೆ ಎರಡು ಬೆರಳು ಕಾಣದೇ ಇರಲು ಹೇಗೆ ಸಾಧ್ಯ? ಭಾವಮೈದುನ ಹೇಳಿದ್ದೇ ಸರಿ ಇರಬೇಕು. ಜೇಬಿನ ಕಾಗದವನ್ನು ಮುಟ್ಟಿ ನೋಡಿಕೊಂಡು ಎದ್ದ.

*

ನಕ್ಷೆಯವನು ಮೇಲಿನ ಮಹಡಿಯಲ್ಲಿ ದೊಡ್ಡ ಪರದೆಯ ಮುಂದೆ ಕೂತಿದ್ದ. ಸಹೋದ್ಯೋಗಿಗಳು ದೂರ ದೂರ ಕೂತಿದ್ದರು. ದುಃಖಕ್ಕೋ ಸಂಶಯಕ್ಕೋ ಯಾರೂ ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಅಂಗಿಯ ಒಂದು ಗುಂಡಿ ಹೋಗಿತ್ತು. ಆ ಗುಂಡಿಯನ್ನು ಹೊಲಿಯುವ ಕೈ ಇನ್ನಿರಲಿಲ್ಲ.

"ಮನೆ ಇಳೀತಿದೆ ಅಂತ ನಿಮಗೆ ಗೊತ್ತಿತ್ತು," ಎಂದ ಇನ್ಸ್‌ಪೆಕ್ಟರ್, ಕುರ್ಚಿ ಎಳೆದುಕೊಳ್ಳುತ್ತಾ.

"ಇಲ್ಲ ಸಾರ್."

"ಅಡುಗೆಮನೆ ಬಾಗಿಲು ಕಚ್ಕೊಳ್ತಿತ್ತು ಅಂತ ಅಕ್ಕಪಕ್ಕದವರು ಹೇಳ್ತಾರೆ."

"ಹೌದು. ಮಳೆಗೆ ಮರ ಉಬ್ಬಿದೆ ಅನ್ಕೊಂಡೆ. ನಾನೇ ಎರಡು ಸಲ ಕೀಸುಳಿ ಹಾಕಿ ಅಂಚು ಹೆರೆದೆ. ಅವಳು ನಗ್ತಿದ್ಲು, ಆಕಾಶದ ಕೆಲಸ ಬಿಟ್ಟು ಬಡಗಿ ಆದ್ರಾ ಅಂತ."

"ಗೋಡೆ ಎರಡು ಬೆರಳು ಇಳಿದಿದೆ. ಈಗ ನೋಡ್ಕೊಂಡು ಬಂದೆ. ನಿಮ್ಮ ಯಂತ್ರಕ್ಕೆ ಕಾಣ್ಲಿಲ್ವಾ, ಇಲ್ಲಾ ನೀವು ಮುಚ್ಚಿಟ್ರಾ? ನೇರವಾಗಿ ಹೇಳಿ. ಅಲ್ಲಿ ನಿಮ್ಮ ಮಗಳು ಅಪ್ಪ ಯಾವಾಗ ಬರ್ತಾರೆ ಅಂತ ಕೇಳ್ತಿದ್ದಾಳೆ. ನಾನು ಉತ್ತರ ತಗೊಂಡು ಹೋಗ್ಬೇಕು."

ನಕ್ಷೆಯವನು ಪರದೆಯ ಮೇಲೆ ಊರನ್ನು ತೆರೆದ. ಮೇಲಿನಿಂದ ನೋಡಿದ ಊರು: ಬೀದಿಗಳು, ಮನೆಗಳ ಮಾಡುಗಳು, ಮೈದಾನ. ಅದರ ಮೇಲೆಲ್ಲ ಬಣ್ಣ ಬಳಿದಿತ್ತು.

"ಈ ಊರು ಕೂತಿರೋದು ಸುಣ್ಣಕಲ್ಲಿನ ಮೇಲೆ ಸಾರ್. ನೀರಿಳಿದು ಕಲ್ಲು ಕರಗುತ್ತೆ, ಒಳಗೆ ಟೊಳ್ಳಾಗುತ್ತೆ. ಮೇಲಿನ ನೆಲ ಮೆಲ್ಲಗೆ ಇಳಿಯುತ್ತೆ, ಆಮೇಲೆ ಒಂದೇ ಸಲ ಕುಸಿಯುತ್ತೆ. ಉಪಗ್ರಹ ಇದರ ಮೇಲೆ ಮತ್ತೆ ಮತ್ತೆ ಹಾದುಹೋಗ್ತಾ ಪ್ರತಿ ಸಲ ನೆಲದಿಂದ ತನಗೆಷ್ಟು ದೂರ ಅಂತ ಅಳೆಯುತ್ತೆ. ಹಳೇ ಚಿತ್ರದ ಮೇಲೆ ಹೊಸದನ್ನ ಇಟ್ಟು ವ್ಯತ್ಯಾಸ ನೋಡ್ತೀವಿ. ಇಳಿದ ಜಾಗ ಕೆಂಪು. ಅಲುಗಾಡದೇ ಇದ್ದದ್ದು ಬಿಳಿ." ಬೆರಳು ತೋರಿಸಿದ. "ಇದು ನಮ್ಮನೆ. ಆವತ್ತು ಬೆಳಗ್ಗೆಯ ಚಿತ್ರ. ಬಿಳಿ. ಅವಳು ಫೋನ್ ಮಾಡಿದಾಗ ಇದನ್ನೇ ನೋಡಿ ಹೇಳಿದೆ. ನಮ್ಮನೆ ಸೊನ್ನೆಯಲ್ಲಿದೆ ಕಣೇ, ಹೆದರ್ಬೇಡ ಅಂತ."

ಮನೆ ನಿಜವಾಗಿಯೂ ಬಿಳಿಯಾಗಿತ್ತು. ಇನ್ಸ್‌ಪೆಕ್ಟರಿಗೆ ಪರದೆಯಲ್ಲಿ ಕೆಂಪು ಎಲ್ಲೂ ಕಾಣಲಿಲ್ಲ. ಉಳಿದ ಊರು ಬಹುಪಾಲು ತಿಳಿನೀಲಿಯಾಗಿತ್ತು.

"ಈ ನೀಲಿ ಏನು?"

"ಮೇಲೆದ್ದ ನೆಲ."

"ಇಡೀ ಊರು ಮೇಲೆದ್ದಿದೆಯಾ?"

"ಹೋದ ವರ್ಷ ಒಳ್ಳೇ ಮಳೆ ಆಯ್ತು. ಬಾವಿಗಳೆಲ್ಲ ತುಂಬಿದ್ವು. ಅಂತರ್ಜಲ ಏರಿದಾಗ ನೆಲ ಸ್ವಲ್ಪ ಉಬ್ಬೋದು ಉಂಟು. ನಮ್ಮ ಸಾಹೇಬರಿಗೂ ಖುಷಿಯಾಯ್ತು."

"ಎಷ್ಟು ಎದ್ದಿದೆ?"

"ನೀಲಿ ಇರೋ ಕಡೆಯೆಲ್ಲ ಒಂದೇ ಸಮ ಇದೆ. ಹೆಚ್ಚುಕಡಿಮೆ..." ನಕ್ಷೆಯವನು ಹೆಬ್ಬೆರಳು ಮಡಚಿ ಲೆಕ್ಕ ಹಾಕಿದ. "ಎರಡು ಬೆರಳು."

ಇನ್ಸ್‌ಪೆಕ್ಟರ್ ತನ್ನ ಕೈಯನ್ನು ಮೇಜಿನ ಮೇಲಿಟ್ಟು ನೋಡಿಕೊಂಡ. ಬೆಳಗಿನಿಂದ ಮೂರನೆಯ ಸಲ ಎದುರಾದ ಎರಡು ಬೆರಳು. ಗೌನಿನಲ್ಲಿ ಎರಡು, ಗೋಡೆಯಲ್ಲಿ ಎರಡು, ಈಗ ಊರಿನಲ್ಲಿ ಎರಡು. ಜೇಬಿನ ಕಾಗದದ ಸಿಟ್ಟು ಅವನಲ್ಲಿ ಸದ್ದಿಲ್ಲದೆ ಇಳಿದುಹೋಯಿತು. ಅದರ ಜಾಗಕ್ಕೆ ಬಂದದ್ದು ಅದಕ್ಕಿಂತ ಭಾರವಾಗಿತ್ತು.

"ಎದ್ದಿದೆ, ಇಳಿದಿದೆ ಅಂತೀರಲ್ಲ," ಎಂದ ಮೆಲ್ಲಗೆ. "ಯಾವುದಕ್ಕೆ ಹೋಲಿಸಿ? ಅಳೆಯೋಕೆ ಒಂದು ಗೋಡೆ ಬೇಕಲ್ಲ. ನಿಮ್ಮ ಸೊನ್ನೆ ಎಲ್ಲಿದೆ?"

"ಒಂದು ಗುರುತು ಇಟ್ಕೋತೀವಿ. ಅಲುಗಾಡಲ್ಲ ಅಂತ ನಂಬಿದ ಒಂದು ಜಾಗ. ಉಳಿದದ್ದೆಲ್ಲ ಅದರ ಲೆಕ್ಕದಲ್ಲಿ."

"ಅದೇ. ಯಾವ ಜಾಗ?"

ನಕ್ಷೆಯವನು ಪರದೆಯ ಮೇಲಿನ ತನ್ನ ಮನೆಯತ್ತ ತಿರುಗಿದ.

ಇನ್ಸ್‌ಪೆಕ್ಟರ್ ಅವನ ಮುಖ ನೋಡಲಿಲ್ಲ. ಪರದೆಯನ್ನೇ ನೋಡುತ್ತಾ ಹುಟ್ಟುಹಬ್ಬದ ಗೌನಿನ ಕಥೆ ಹೇಳಿದ. ಚೌಕಟ್ಟಿನ ಗೆರೆ, ಒಂದು ವರ್ಷದ ಜಿಗಿತ, ಕಂದು ಪಟ್ಟಿ. ಮಗಳು ಅಷ್ಟು ಬೆಳೆದಿರಲಿಲ್ಲ, ಗೋಡೆ ಇಳಿದಿತ್ತು ಎಂದ. ಮಾತು ಮುಗಿಯುವ ಮೊದಲೇ ಎದುರಿದ್ದವನಿಗೆ ಅರ್ಥವಾಗಿತ್ತು.

"ಮೊದಲು ಆ ಗುರುತನ್ನ ಗುಡ್ಡದ ನೀರಿನ ಟ್ಯಾಂಕಿನ ಹತ್ರ ಇಟ್ಟಿದ್ದೆ," ಎಂದ ನಕ್ಷೆಯವನು. ದನಿ ಎಲ್ಲೋ ದೂರದಿಂದ ಬಂದಂತಿತ್ತು. "ಮೂರು ತಗಡು ಜೋಡಿಸಿದ ಬುಟ್ಟಿ ಥರದ್ದು. ಉಪಗ್ರಹಕ್ಕೆ ಅದು ಚುಕ್ಕಿ ಹಾಗೆ ಹೊಳೀತಾ ಕಾಣುತ್ತೆ. ಎರಡು ಸಲ ಕಳ್ಳರು ಗುಜರಿಗೆ ಹೊತ್ಕೊಂಡು ಹೋದ್ರು. ಸಾಕಾಗಿ ನಮ್ಮನೆ ತಾರಸಿ ಮೇಲೆ ಇಟ್ಟೆ. ಅವಳು ನೋಡ್ಕೋತೀನಿ ಅಂದ್ಲು. ದಿನಾ ಹತ್ತಿ ಹೋಗಿ ಎಲೆ ತೆಗೆಯೋಳು, ಮಳೆ ನೀರು ಚೆಲ್ಲೋಳು, ಹಳೇ ಬಟ್ಟೆ ಚೂರಲ್ಲಿ ಒರೆಸೋಳು. ಗುಬ್ಬಿ ಅದಕ್ಕೆ ನಕ್ಷತ್ರದ ಬುಟ್ಟಿ ಅಂತ ಹೆಸರಿಟ್ಟಿದ್ಲು. ಊರಲ್ಲೆಲ್ಲ ನಮ್ಮನೆನೇ ಹೆಚ್ಚು ಹೊಳೀತಿತ್ತು ಸಾರ್." ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ನಮ್ಮನೆನೇ ಸೊನ್ನೆ ಅಂತ ಹೇಳಿದವನು ನಾನೇ. ಆಮೇಲೆ ನಮ್ಮನೆ ಎಷ್ಟಿದೆ ಅಂತ ನಾನೇ ನೋಡ್ದೆ. ಸೊನ್ನೆ ಅಂತ ಬಂತು."

ಇನ್ಸ್‌ಪೆಕ್ಟರ್ ನೀರಿನ ಲೋಟ ಮುಂದೆ ಸರಿಸಿದ. ಇಷ್ಟು ಹೊತ್ತು ಈ ಮನುಷ್ಯನನ್ನು ಕೊಲೆಗಾರ ಎಂದು ನೋಡಿದ್ದಕ್ಕೆ ಅವನಿಗೆ ನಾಚಿಕೆಯಾಯಿತು.

"ಬಂಧಿಸಿ ಸಾರ್. ಕೊಲೆ ಅಂತಲೇ ಬರ್ಕೊಳ್ಳಿ. ಅವಳು ನನ್ನ ಮಾತು ಕೇಳಿ ಒಳಗೆ ಹೋಗಿದ್ದು."

"ತಪ್ಪಿಗೂ ಕೊಲೆಗೂ ವ್ಯತ್ಯಾಸ ಇದೆ. ಅದನ್ನ ಅಳೆಯೋದು ನನ್ನ ಕೆಲಸ, ನಿಮ್ಮದಲ್ಲ," ಎಂದ ಇನ್ಸ್‌ಪೆಕ್ಟರ್. ಗದರಿಸಿದ ಹಾಗೆ ಹೇಳಬೇಕೆಂದಿದ್ದ, ಆಗಲಿಲ್ಲ. "ಮುಖ ತೊಳ್ಕೊಂಡು ಬನ್ನಿ. ಮಗಳ ಹತ್ರ ಕರ್ಕೊಂಡು ಹೋಗ್ತೀನಿ."

ನಕ್ಷೆಯವನು ಎದ್ದ. ಎರಡು ಹೆಜ್ಜೆ ಇಟ್ಟವನು ನಿಂತುಬಿಟ್ಟ. ತಿರುಗಿ ಪರದೆಯನ್ನು ನೋಡಿದ.

"ಏನು?"

ಅವನು ಕುರ್ಚಿಗೆ ಬಿದ್ದು, ಸೊನ್ನೆಯ ಗುರುತನ್ನು ಮನೆಯಿಂದ ಕಿತ್ತು ಗುಡ್ಡದ ನೀರಿನ ಟ್ಯಾಂಕಿನ ಮೇಲೆ ಇಟ್ಟ. ಟ್ಯಾಂಕು ಗಟ್ಟಿ ಬಂಡೆಯ ಮೇಲೆ ಕೂತಿತ್ತು. ಯಂತ್ರ ಗುಂಯ್‌ಗುಟ್ಟುತ್ತಾ ಲೆಕ್ಕ ಹಾಕತೊಡಗಿತು. ಚಿತ್ರ ಮೇಲಿನಿಂದ ಕೆಳಕ್ಕೆ, ಪಟ್ಟಿಪಟ್ಟಿಯಾಗಿ ಬಣ್ಣ ಬದಲಿಸಿತು. ನೀಲಿ ಊರು ಬಿಳಿಯಾಯಿತು. ಊರು ಎದ್ದಿರಲಿಲ್ಲ, ಎಲ್ಲಿತ್ತೋ ಅಲ್ಲೇ ಇತ್ತು. ಬಿಳಿಯಾಗಿದ್ದ ಮನೆ ಕೆಂಪಾಯಿತು.

"ಮನೆ ಜೊತೆಗೆ ಅಷ್ಟೇ ಇಳೀತಿರೋ ಬೇರೆ ಜಾಗ ಇದ್ರೆ, ಹಳೇ ಚಿತ್ರದಲ್ಲಿ ಅದೂ ಬಿಳಿಯಾಗೇ ಕಾಣುತ್ತೆ," ಎಂದ ನಕ್ಷೆಯವನು. "ಗಟ್ಟಿ ಜಾಗ ಅನ್ಸುತ್ತೆ."

"ಅಂಥ ಜಾಗ ಇದೆಯಾ?"

"ಇನ್ನೊಂದೇ ಒಂದು ಬಿಳಿ ಇತ್ತು. ಆವತ್ತು ಬೀದಿ ಖಾಲಿ ಮಾಡಿಸುವಾಗ, ಜನರನ್ನ ಎಲ್ಲಿಡೋಣ ಅಂತ ನೀವೇ ಬಂದು ಕೇಳಿದ್ರಿ. ಊರಲ್ಲೆಲ್ಲ ಅಲುಗಾಡದೇ ಇರೋ ಕಟ್ಟಡ ಯಾವುದು ಅಂತ. ಇದನ್ನ ನೋಡಿ ನಾನೇ ತೋರಿಸ್ದೆ."

ಪಟ್ಟಿ ಮೈದಾನವನ್ನು ದಾಟಿ ಕೆಳಗಿಳಿಯಿತು. ಅದರ ಅಂಚಿನ ದೊಡ್ಡ ಮಾಡು, ಕ್ರೀಡಾಂಗಣದ ಮಾಡು, ಒಂದು ತುದಿಯಿಂದ ಕೆಂಪಾಗತೊಡಗಿತು. ಆ ತುದಿಯಲ್ಲಿ ಏನಿದೆಯೆಂದು ಇನ್ಸ್‌ಪೆಕ್ಟರಿಗೆ ಚೆನ್ನಾಗಿ ಗೊತ್ತಿತ್ತು. ಬೆಳಗ್ಗೆ ಅಲ್ಲೇ ಬೆನ್ನು ಕೊಟ್ಟು ನಿಂತಿದ್ದ. ಬಾಗಿಲು ಕಚ್ಚಿಕೊಂಡದ್ದು ಹಸಿ ಮರದಿಂದಲ್ಲ.

ಅವನು ಫೋನ್ ತೆಗೆದ. ಎರಡನೆಯ ಸಲಕ್ಕೆ ಮಾಮ ಎತ್ತಿದ.

"ಕೇಳಪ್ಪಾ, ಎಲ್ಲರನ್ನೂ ಹೊರಗೆ ಹೊರಡಿಸು. ಈಗಲೇ. ಗಂಟುಮೂಟೆ ಏನೂ ಬೇಡ, ಮೈದಾನ ದಾಟಿ ರಸ್ತೆಗೆ ಓಡಲಿ."

"ಎಲ್ಲರೂ ಹೊರಗೇ ಇದ್ದಾರಲ್ಲ ಸಾರ್, ನೀರಿನ ಟ್ಯಾಂಕರ್ ಬಂದಿದೆ. ಯಾಕೆ ಸಾರ್?"

"ಗುಬ್ಬಿ?"

"ಅವಳೊಬ್ಬಳು ಬಾತ್‌ರೂಮಲ್ಲಿ ಸಿಕ್ಕಿಹಾಕ್ಕೊಂಡಿದ್ದಾಳೆ. ನಾನು ಬಾಗಿಲ ಹತ್ರನೇ ಇದ್ದೀನಿ. ನೀವು ಹೇಳ್ಕೊಟ್ರಂತಲ್ಲ, ಭುಜ ಕೊಟ್ಟು ಜೋರಾಗಿ ತಳ್ಳಿ ಚಿಲಕ ಹಾಕೋದು? ಹಾಗೇ ಹಾಕ್ಕೊಂಡಿದ್ದಾಳೆ. ಈಗ ಎಷ್ಟು ಎಳೆದ್ರೂ ಬರ್ತಿಲ್ಲ. ಬಡಗಿಗೆ ಹೇಳಿ ಕಳಿಸಿದ್ದೀನಿ..."

"ಬಡಗಿ ಬೇಡ, ಬಾಗಿಲು ಒಡೀರಿ! ಒಡೀರೋ!"

ಪಕ್ಕದಲ್ಲಿ ನಕ್ಷೆಯವನು ಅವನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಫೋನಿನ ಆ ತುದಿಯಲ್ಲಿ ಮಾಮನ ಉಸಿರು, ಮರಕ್ಕೆ ಬಿದ್ದ ಒಂದು ಒದೆತ. ಆಮೇಲೆ ಬಾಗಿಲಿನ ಆಚೆಯಿಂದ, ಸಣ್ಣಗೆ ಆದರೂ ಸ್ಪಷ್ಟವಾಗಿ, ಗುಬ್ಬಿಯ ದನಿ ಕೇಳಿಸಿತು. ಅದರಲ್ಲಿ ಭಯವಿರಲಿಲ್ಲ, ಖುಷಿಯಿತ್ತು.

"ಮಾಮ, ಸುಮ್ನಿರು, ಸದ್ದು ಮಾಡ್ಬೇಡ! ಇಲ್ಲಿ ಕೆಳಗಡೆ ಯಾರೋ ಬಟ್ಟೆ ಹರೀತಿದ್ದಾರೆ. ಅಮ್ಮನಾ?"